ಆಟದ ನಡುವೆ ಮಗು ಮುಖ ತಿರುಗಿಸುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ ಈಗ ನಾಲ್ಕು ತಿಂಗಳು. ಆಡಿಸುವಾಗ ಕೇಕೆ ಹಾಕಿ ನಗುತ್ತಿದ್ದವಳು ಇದ್ದಕ್ಕಿದ್ದಂತೆ ಮುಖ ಅತ್ತ ತಿರುಗಿಸಿಬಿಡುತ್ತಾಳೆ. ನನ್ನ ಆಟ ಅವಳಿಗೆ ಬೇಸರವೇ? ಅತ್ತೆಯವರು ದೃಷ್ಟಿ ತಾಗಿರಬೇಕು ಎನ್ನುತ್ತಾರೆ. ಮೊಬೈಲಿನಲ್ಲಿ ಹಾಡು ಹಾಕಿದರೆ ಮಾತ್ರ ಕಣ್ಣು ಕದಲಿಸುವುದಿಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ಈ ಸಂದೇಹ ಬಹಳಷ್ಟು ತಾಯಂದಿರಿಗೆ ಬರುತ್ತದೆ. ನಗುತ್ತಿದ್ದ ಮಗು ಮುಖ ತಿರುಗಿಸಿದರೆ ಅದು ಬೇಸರವೋ, ತೊಂದರೆಯೋ ಎಂಬುದು ನಿಮ್ಮ ಪ್ರಶ್ನೆ. ಸಾಮಾನ್ಯವಾಗಿ ಎರಡೂ ಅಲ್ಲ, ಅದು ವಿಶ್ರಾಂತಿ.

ನಿಮ್ಮ ಮುಖ, ದನಿ, ಚಪ್ಪಾಳೆ, ಬಳೆಯ ಸದ್ದು ಎಲ್ಲವನ್ನೂ ಒಟ್ಟಿಗೆ ಗಮನಿಸುವುದು ಈ ವಯಸ್ಸಿನಲ್ಲಿ ದೊಡ್ಡ ಕೆಲಸ. ಮಾತು ಬಾರದ, ಎದ್ದು ಹೋಗಲಾರದ ಕೂಸು 'ಸ್ವಲ್ಪ ತಾಳಿ' ಎಂದು ಹೇಳುವುದು ಹೀಗೆ ಮುಖ ತಿರುಗಿಸಿ. ಕೆಲವು ಮಕ್ಕಳು ಆಕಳಿಸುತ್ತವೆ, ಮುಷ್ಟಿ ಬಿಗಿಯುತ್ತವೆ, ಬೆನ್ನು ಬಿಲ್ಲಿನಂತೆ ಬಾಗಿಸುತ್ತವೆ.

ಆಗ ನೀವೂ ಸುಮ್ಮನಾಗಿ. ತುಸು ಹೊತ್ತಿನಲ್ಲಿ ಅವಳೇ ನಿಮ್ಮತ್ತ ತಿರುಗಿದರೆ ಆಟ ಮುಂದುವರಿಸಿ. ತಿರುಗದಿದ್ದರೆ ಅಂದಿಗೆ ಅಷ್ಟು ಸಾಕು. ಅವಳು ನೋಡುತ್ತಿರುವ ಕಡೆಗೇ ಹೋಗಿ ಗಿಲಕಿ ಅಲ್ಲಾಡಿಸಿದರೆ ಇತ್ತ ತಿರುಗುತ್ತಾಳೆ, ಅಲ್ಲಿಗೂ ಹೋದರೆ ಅಳುತ್ತಾಳೆ. ದೃಷ್ಟಿ ತಾಗಿತೆಂದು ಹಿರಿಯರಿಗೆ ಅನಿಸುವುದು ಬಹುಶಃ ಇಂಥ ಅಳುವಿನಿಂದಲೇ.

ಇನ್ನು ಮೊಬೈಲ್. ಕಣ್ಣು ಕದಲಿಸದೆ ನೋಡುವುದನ್ನು ಇಷ್ಟಪಟ್ಟು ಆಡುವುದೆಂದು ತಿಳಿಯುವುದು ಸಹಜ, ಆದರೆ ಎರಡೂ ಒಂದೇ ಅಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಬೆಳಕು ಮಗುವಿನ ನೋಟವನ್ನು ಹಿಡಿದಿಡುತ್ತದೆ, ಅಷ್ಟೆ. ಮಗುವಿಗೆ ಬೇಕಾದದ್ದು ಮರುಸ್ಪಂದನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಗುವನ್ನು ಆಡಿಸುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತಳು. ಮಗು ಅವಳತ್ತ ನೋಡಿ ಮತ್ತೆ ಮತ್ತೆ ಅವಳನ್ನು ಆಟಕ್ಕೆಳೆಯಲು ನೋಡಿತು. ಫಲಿಸದಿದ್ದಾಗ ಮುಖ ತಿರುಗಿಸಿತು. ಮೊಬೈಲ್ ನಿಮ್ಮ ಮಗಳ ನಗುವಿಗೆ ಉತ್ತರ ಕೊಡುವುದಿಲ್ಲ, ಅವಳು ದಣಿದಾಗ ನಿಲ್ಲುವುದೂ ಇಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಹಾಗಾದರೆ ಏನು ಆಡಿಸಬಹುದು?

1. ಅವಳು 'ಆಂ' ಎಂದರೆ ನೀವೂ 'ಆಂ' ಎನ್ನಿ. ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಅವಳ ಸರದಿ ಬರಲು ನಿಮಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

2. ಎಚ್ಚರವಿರುವಾಗ ಚಾಪೆಯ ಮೇಲೆ ಬೋರಲು ಮಲಗಿಸಿ, ನೀವೂ ಎದುರಿಗೆ ಮಲಗಿ ಮಾತಾಡಿಸಿ. ದಿನಕ್ಕೆ ಒಟ್ಟು 30 ನಿಮಿಷವಾದರೂ ಆಗಲಿ, ಆದರೆ ಒಮ್ಮೆಗೆ ಸ್ವಲ್ಪ ಸ್ವಲ್ಪವೇ. ಹಾಲು ಕುಡಿದ ಕೂಡಲೇ ಬೇಡ.

3. ಗಿಲಕಿಯನ್ನು ಕೈಗೆಟುಕುವಷ್ಟು ದೂರದಲ್ಲಿ ಹಿಡಿಯಿರಿ. ಸಿಕ್ಕಿದ್ದು ನೇರ ಬಾಯಿಗೆ ಹೋಗುತ್ತದೆ. ಆದ್ದರಿಂದ ಬಣ್ಣ ಏಳುವ, ಚೂರು ಕಳಚುವ ಆಟಿಕೆ ಕೊಡಬೇಡಿ.

4. ಸೆರಗಿನಲ್ಲಿ ಮುಖ ಮರೆಸಿ ಇಣುಕುವ ಆಟವನ್ನು ಈಗಲೇ ಶುರುಮಾಡಬಹುದು. ಎಂಟು–ಒಂಬತ್ತು ತಿಂಗಳ ಹೊತ್ತಿಗೆ ಸೆರಗನ್ನು ಅವಳೇ ಎಳೆಯುತ್ತಾಳೆ.

ಹಸಿವು, ನಿದ್ದೆ ತೀರಿ ಗೆಲುವಾಗಿದ್ದಾಗಲೂ ಮಗು ಯಾರ ಮುಖವನ್ನೂ ನೋಡದಿದ್ದರೆ, ನಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಮ ಮಗಳು ಕೇಕೆ ಹಾಕಿ ನಗುತ್ತಾಳೆಂದು ಬರೆದಿದ್ದೀರಿ. ಅವಳಿಗೆ ನಿಮ್ಮ ಆಟ ಇಷ್ಟವೆಂಬುದಕ್ಕೆ ಅದೇ ಸಾಕ್ಷಿ.