ಪ್ರೊಬೇಷನ್ ಕೆಲಸಕ್ಕೆ, ಗಾಯಕ್ಕಲ್ಲ

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿ ಸೇರಿ ಮೂರು ತಿಂಗಳಾಯಿತು. ಇದೇ ನನ್ನ ಮೊದಲ ಕೆಲಸ. ಆರು ತಿಂಗಳು ಪ್ರೊಬೇಷನ್, ಸಂಬಳ 18,000 ರೂಪಾಯಿ. ಹೋದ ವಾರ ರಾತ್ರಿ ಪಾಳಿಯಲ್ಲಿ ಬಲಗೈ ತೋರುಬೆರಳಿನ ತುದಿಯ ಗೆಣ್ಣು ಪ್ರೆಸ್ಸಿಗೆ ಸಿಕ್ಕಿ ಹೋಯಿತು. ಕಂಪನಿಯವರೇ ನರ್ಸಿಂಗ್ ಹೋಮಿಗೆ ಸೇರಿಸಿ ಬಿಲ್ಲು ಕಟ್ಟಿದರು. ಈಗ ಸೂಪರ್‌ವೈಸರ್, ‘ನಿನ್ನ ಅಜಾಗರೂಕತೆಯಿಂದ ಆಗಿದ್ದು, ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು ಅಂತ ಬರೆದುಕೊಡು. ಪ್ರೊಬೇಷನ್‌ನಲ್ಲಿ ಇರೋರಿಗೆ ಏನೂ ಬರಲ್ಲ. ಕೇಸು ಗೀಸು ಅಂದರೆ ಕನ್ಫರ್ಮ್ ಆಗಲ್ಲ’ ಎನ್ನುತ್ತಿದ್ದಾರೆ. ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲನೆಯದಾಗಿ, ಆ ಕಾಗದಕ್ಕೆ ಸಹಿ ಹಾಕಬೇಡಿ. ಪ್ರೊಬೇಷನ್‌ನಲ್ಲಿ ಇರುವವರಿಗೆ ಏನೂ ಬರುವುದಿಲ್ಲ ಎನ್ನುವುದು ಸುಳ್ಳು. ನಿಮ್ಮ ವಿಷಯದಲ್ಲಿ ಅದನ್ನು ನಿಜ ಮಾಡುವ ಶಕ್ತಿ ಇರುವುದು ಆ ಕಾಗದಕ್ಕೆ ಮಾತ್ರ. ಹೇಗೆ ಎಂದು ಹೇಳುತ್ತೇನೆ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಸಂಬಳದಿಂದ ಶೇ. 0.75, ಅಂದರೆ 135 ರೂಪಾಯಿ ಹಿಡಿಯುತ್ತಾರೆ. ಮಾಲೀಕರು ಶೇ. 3.25, ಅಂದರೆ 585 ರೂಪಾಯಿ ಸೇರಿಸಿ ಕಟ್ಟಬೇಕು. ಕಾಯಂ, ಪ್ರೊಬೇಷನ್, ಗುತ್ತಿಗೆ ಎಂಬ ಭೇದ ಇದರಲ್ಲಿಲ್ಲ.

ಇಎಸ್‌ಐ ಕೊಡುವ ಹಣದ ನೆರವಿನಲ್ಲಿ ಕಾಯಿಲೆಗೆ ಒಂದು ಲೆಕ್ಕ, ಕೆಲಸದಲ್ಲಾದ ಗಾಯಕ್ಕೆ ಇನ್ನೊಂದು ಲೆಕ್ಕ. ಕಾಯಿಲೆ ಬಿದ್ದವರಿಗೆ ಸಿಗುವುದು ಸಂಬಳದ ಶೇ. 70. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಹೊಸದಾಗಿ ಸೇರಿದವರಿಗೆ ಈ ಸೌಲಭ್ಯ ಶುರುವಾಗುವುದೇ ಒಂಬತ್ತು ತಿಂಗಳ ಮೇಲೆ. ಕೆಲಸದಲ್ಲಾದ ಗಾಯಕ್ಕೆ ಇಂಥ ಯಾವ ಷರತ್ತೂ ಇಲ್ಲ. ಸೇರಿದ ಮೊದಲ ದಿನವೇ ಕೈ ಸಿಕ್ಕಿಕೊಂಡರೂ ದಿನದ ಸರಾಸರಿ ಸಂಬಳದ ಶೇ. 90 ಬರುತ್ತದೆ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಂತಿದ್ದರೆ ಸಾಕು. ತಾತ್ಕಾಲಿಕ ಅಂಗವೈಕಲ್ಯದ ನೆರವು ಎಂಬ ಹೆಸರಿನ ಈ ಹಣವನ್ನು ಗಾಯ ವಾಸಿಯಾಗುವವರೆಗೂ ಕೊಡುತ್ತಾರೆ.

ಈಗ ಸೂಪರ್‌ವೈಸರ್ ಹೇಳಿದ್ದನ್ನು ಲೆಕ್ಕ ಹಾಕಿ ನೋಡಿ. ಪ್ರೆಸ್ಸಿಗೆ ಸಿಕ್ಕಿ ಹೋಯಿತು ಎಂಬ ಸತ್ಯ ದಾಖಲಾದರೆ ನಿಮಗೆ ದಿನಕ್ಕೆ ಸುಮಾರು 540 ರೂಪಾಯಿ. ಮನೆ ಬಾಗಿಲಿಗೆ ಸಿಕ್ಕಿತು ಎಂದು ಬರೆದುಕೊಟ್ಟರೆ ಅದು ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ಮೂರು ತಿಂಗಳ ಹೊಸಬರಾದ ನಿಮಗೆ ಆ ಲೆಕ್ಕದಲ್ಲಿ ಸಿಗುವ ಹಣ ಸೊನ್ನೆ. ಹಳೆಯ ನೌಕರರಿಗಾದರೂ ಈ ಸುಳ್ಳಿನಿಂದ ಅರ್ಧಂಬರ್ಧ ನಷ್ಟ, ಪ್ರೊಬೇಷನ್‌ನಲ್ಲಿ ಇರುವವರಿಗೆ ಪೂರ್ತಿ ನಷ್ಟ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಹೋದ ಗೆಣ್ಣು ಮತ್ತೆ ಬರುವುದಿಲ್ಲವಲ್ಲ, ಅದಕ್ಕೆ ಶಾಶ್ವತ ಅಂಗವೈಕಲ್ಯದ ನೆರವು ಬೇರೆಯೇ ಇದೆ. ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂಬುದಕ್ಕೆ ಕಾನೂನಿನಲ್ಲೇ ಒಂದು ಪಟ್ಟಿಯಿದೆ. ತೋರುಬೆರಳು ಪೂರ್ತಿ ಹೋದರೆ ಶೇ. 14, ಒಂದು ಗೆಣ್ಣು ಹೋದರೆ ಶೇ. 9, ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿ ಹೋದರೆ ಶೇ. 5. ಹೆಬ್ಬೆರಳಿಗೆ ಶೇ. 30. ನಿಮ್ಮ ಗಾಯವನ್ನು ವೈದ್ಯಕೀಯ ಮಂಡಳಿ ಶೇ. 9 ಎಂದು ತೀರ್ಮಾನಿಸಿದರೆ, 540ರಲ್ಲಿ ಶೇ. 9ರಂತೆ ದಿನಕ್ಕೆ 48 ರೂಪಾಯಿ ಚಿಲ್ಲರೆ, ತಿಂಗಳಿಗೆ ಸುಮಾರು 1,450 ರೂಪಾಯಿ ಬದುಕಿರುವವರೆಗೆ ಬರುತ್ತದೆ. ಈ ಕೆಲಸ ಹೋದರೂ, ಬೇರೆ ಕಡೆ ಸೇರಿದರೂ ಅದು ನಿಲ್ಲುವುದಿಲ್ಲ. ಸಣ್ಣ ವಯಸ್ಸಿನವರಿಗೆ ಇದು ಲಕ್ಷಗಳ ಮಾತು.

‘ನಿನ್ನ ಅಜಾಗರೂಕತೆ’ ಎಂಬ ಮಾತಿಗೂ ಹೆದರಬೇಡಿ. ಇಎಸ್‌ಐ ನೆರವು ಯಾರ ತಪ್ಪು ಎಂದು ತೂಗಿ ಕೊಡುವಂಥದ್ದಲ್ಲ. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆಯಿತೇ ಎಂಬುದಷ್ಟೇ ಪ್ರಶ್ನೆ. ಪ್ರೆಸ್ಸಿಗೆ ಗಾರ್ಡ್ ಹಾಕಿಸಿ ಅದನ್ನು ಸರಿಯಾಗಿ ಇಟ್ಟುಕೊಳ್ಳುವುದು ಕಾರ್ಖಾನೆಯ ಹೊಣೆ. ಗಾರ್ಡ್ ಇರಲಿಲ್ಲ ಎಂದಾದರೆ ಉತ್ತರ ಕೊಡಬೇಕಾದವರು ಅವರು.

ಇನ್ನು ಮಾಡಬೇಕಾದ ಕೆಲಸ. ಅಪಘಾತವಾದ ದಿನ, ಪಾಳಿ, ಯಂತ್ರ, ಜೊತೆಗಿದ್ದವರ ಹೆಸರು ಬರೆದು ಎಚ್‌ಆರ್‌ಗೆ ಇಂದೇ ತಿಳಿಸಿ. ವಾಟ್ಸ್ಆ್ಯಪ್ ಅಥವಾ ಇಮೇಲ್ ಆದರೆ ಕಳಿಸಿದ್ದಕ್ಕೆ ಗುರುತು ಉಳಿಯುತ್ತದೆ. ಅಪಘಾತವನ್ನು ರಿಜಿಸ್ಟರಿನಲ್ಲಿ ಬರೆದು, 24 ಗಂಟೆಯೊಳಗೆ ಇಎಸ್‌ಐಗೆ ವರದಿ ಕೊಡುವುದು ಮಾಲೀಕರ ಕರ್ತವ್ಯ. ಅವರು ಕೊಟ್ಟಿಲ್ಲ ಎಂದರೆ ನೀವೇ ನಿಮ್ಮ ವ್ಯಾಪ್ತಿಯ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಲಿಖಿತ ದೂರು ಕೊಡಬಹುದು. ಕಚೇರಿಯವರು ವಿಚಾರಣೆ ಮಾಡುತ್ತಾರೆ. ನರ್ಸಿಂಗ್ ಹೋಮಿನಿಂದ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ತೆಗೆದುಕೊಳ್ಳಿ. ಗಾಯ ಹೇಗಾಯಿತು ಎಂದು ಅದರಲ್ಲಿ ಏನು ಬರೆದಿದ್ದಾರೆ ಓದಿ ನೋಡಿ, ತಪ್ಪಿದ್ದರೆ ಕೂಡಲೇ ತಿದ್ದಿಸಲು ಕೇಳಿ. ಆಮೇಲೆ ಚಿಕಿತ್ಸೆಯನ್ನು ಇಎಸ್‌ಐ ಡಿಸ್ಪೆನ್ಸರಿ ಅಥವಾ ಆಸ್ಪತ್ರೆಗೆ ಬದಲಿಸಿಕೊಳ್ಳಿ. ಅಲ್ಲಿನ ವೈದ್ಯರು ಕೊಡುವ ಸರ್ಟಿಫಿಕೇಟ್ ಇಲ್ಲದೆ ಹಣ ಬಿಡುಗಡೆಯಾಗುವುದಿಲ್ಲ. ಕೊನೆಯಲ್ಲಿ ಫೈನಲ್ ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಶಾಶ್ವತ ಅಂಗವೈಕಲ್ಯದ ತೀರ್ಮಾನಕ್ಕಾಗಿ ವೈದ್ಯಕೀಯ ಮಂಡಳಿಗೆ ಕಳಿಸುವಂತೆ ಅರ್ಜಿ ಕೊಡಿ. ಬಹಳ ಜನ ಗಾಯ ಒಣಗಿತೆಂದು ಈ ಹಂತದಲ್ಲೇ ಬಿಟ್ಟುಬಿಡುತ್ತಾರೆ.

ಪೇ ಸ್ಲಿಪ್‌ನಲ್ಲಿ ಇಎಸ್‌ಐ ಹಿಡಿದು ಕಟ್ಟದೇ ಇರುವ ಕಂಪನಿಗಳೂ ಇವೆ. ಹೊಸಬರನ್ನು ಹತ್ತು ದಿನದೊಳಗೆ ನೋಂದಾಯಿಸಬೇಕು ಎಂಬುದು ನಿಯಮ. ಮಾಲೀಕರು ಕಟ್ಟಿಲ್ಲ ಎಂಬ ಕಾರಣಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಇಎಸ್‌ಐ ನಿಗಮ ನಿಮಗೆ ಕೊಟ್ಟು ಅವರಿಂದ ವಸೂಲಿ ಮಾಡಿಕೊಳ್ಳುತ್ತದೆ. ಆಗ ನೇಮಕಾತಿ ಪತ್ರ, ಪೇ ಸ್ಲಿಪ್, ಹಾಜರಿಯ ಫೋಟೊ, ಇವೇ ನಿಮ್ಮ ಸಾಕ್ಷಿ.

ಕೆಲಸ ಉಳಿಯುತ್ತದೆಯೇ? ಇಲ್ಲಿ ಇದ್ದುದನ್ನು ಇದ್ದಂತೆ ಹೇಳಬೇಕು. ತಾತ್ಕಾಲಿಕ ಅಂಗವೈಕಲ್ಯದ ನೆರವು ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ವಜಾ ಮಾಡಬಾರದು, ಶಿಕ್ಷಿಸಬಾರದು ಎಂದು 1948ರ ಇಎಸ್‌ಐ ಕಾಯ್ದೆಯ 73ನೇ ಕಲಮು ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋಗಿದೆ. ಅದರಲ್ಲೂ ಇಂಥ ವಜಾ ಶಿಕ್ಷಾರ್ಹ. ಈ ರಕ್ಷಣೆ ಸಿಗುವುದೂ ಗಾಯ ದಾಖಲಾಗಿ ನೆರವು ಶುರುವಾದರೆ ಮಾತ್ರ ಎಂಬುದನ್ನು ಗಮನಿಸಿ. ಆದರೆ ವಾಸಿಯಾಗಿ ಕೆಲಸಕ್ಕೆ ಮರಳಿದ ಮೇಲೆ, ಕೆಲಸ ತೃಪ್ತಿಕರವಾಗಿಲ್ಲ ಎಂದು ಪ್ರೊಬೇಷನ್ ಮುಗಿಸುವ ಅಧಿಕಾರ ಮಾಲೀಕರಿಗೆ ಉಳಿದೇ ಇರುತ್ತದೆ. ಅದು ನೆಪವೋ ನಿಜವೋ ಎಂದು ಪ್ರಶ್ನಿಸಬಹುದು. ಆದೇಶದ ಒಕ್ಕಣೆಯನ್ನಷ್ಟೇ ನೋಡದೆ ಹಿಂದಿರುವ ನಿಜವಾದ ಕಾರಣ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದು ಸರ್ಕಾರಿ ಸೇವೆಯ ಪ್ರಕರಣವಾದರೂ ವಾದಕ್ಕೆ ಬಲ ಕೊಡುತ್ತದೆ. ಅಷ್ಟಾದರೂ ಗೆಲುವು ಖಚಿತ ಎಂದು ನಾನು ಹೇಳಲಾರೆ. ಹೇಳಬಲ್ಲದ್ದು ಇಷ್ಟು: ಸುಳ್ಳು ಬರೆದುಕೊಟ್ಟರೂ ಕನ್ಫರ್ಮ್ ಮಾಡುತ್ತಾರೆಂಬ ಖಾತ್ರಿ ಇಲ್ಲ, ಗಾಯದ ಹಣ ಹೋಗುವುದು ಮಾತ್ರ ಖಾತ್ರಿ. ಯಾರೇ ಹೇಳಿದರೂ ರಾಜೀನಾಮೆ ಬರೆದುಕೊಡಬೇಡಿ.

ಇಎಸ್‌ಐ ಇಲ್ಲದ ಓದುಗರಿಗೂ ಒಂದು ಮಾತು. ಇಎಸ್‌ಐ ವ್ಯಾಪ್ತಿಗೆ ಬಾರದ ಕಾರ್ಮಿಕರಿಗೆ ನೌಕರರ ಪರಿಹಾರದ ಕಾನೂನಿದೆ. ಚಿಕಿತ್ಸೆಯ ಪೂರ್ತಿ ಖರ್ಚು ಮತ್ತು ಪರಿಹಾರ ಎರಡನ್ನೂ ಮಾಲೀಕರೇ ಕೊಡಬೇಕು. ಅಲ್ಲೂ ಪ್ರೊಬೇಷನ್ ಅಡ್ಡಬರುವುದಿಲ್ಲ. ಅರ್ಜಿ ಹಾಕಲು ಎರಡು ವರ್ಷದ ಗಡುವಿದೆ. ಅಪ್ರೆಂಟಿಸ್‌ಗಳಿಗೂ 1961ರ ಅಪ್ರೆಂಟಿಸ್ ಕಾಯ್ದೆ ಇದೇ ಪರಿಹಾರವನ್ನು ಕೊಡಿಸುತ್ತದೆ.

ಇಎಸ್‌ಐ ಸಹಾಯವಾಣಿ 1800-11-2526. ವಕೀಲರಿಗೆ ಹಣ ಎಲ್ಲಿಂದ ತರಲಿ ಎಂಬ ಚಿಂತೆ ಬೇಡ. ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಂಖ್ಯೆ 15100. ಈ ವಾರವೇ ಶಾಖಾ ಕಚೇರಿಗೆ ಹೋಗಿ ಬನ್ನಿ. ಹೊಸದಾಗಿ ಕೆಲಸಕ್ಕೆ ಸೇರಿರುವ ಉಳಿದ ಓದುಗರು, ನಿಮ್ಮ ಇಎಸ್‌ಐ ಸಂಖ್ಯೆ ಬಂದಿದೆಯೇ ಎಂದು ನಾಳೆಯೇ ಎಚ್‌ಆರ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.