ಹಳೆಯ ಸೈನಿಕ ಟೋಪಿಗಳ ಕಾಲನಿರ್ಣಯ: ವರ್ತಕರಿಗೆ ಕೆಲವು ಸೂಚನೆಗಳು

ಮೈಸೂರಿನ ಹಳೆಯ ಮನೆಗಳು ಮಾರಾಟವಾಗಿ ಅಟ್ಟಗಳು ಬರಿದಾಗುವಾಗ ಹಿತ್ತಾಳೆ ಪಾತ್ರೆ, ಗಡಿಯಾರ, ಛಾಯಾಚಿತ್ರಗಳೊಡನೆ ಸೈನಿಕರ ಟೋಪಿಗಳೂ ಹಳೆಯ ವಸ್ತುಗಳ ವ್ಯಾಪಾರಿಗಳ ಕೈಸೇರುತ್ತವೆ. ಒಂದು ಬಡಾವಣೆಗೆ ಲಷ್ಕರ್ ಮೊಹಲ್ಲಾ ಎಂದೇ ಹೆಸರಿರುವ ಊರಿನಲ್ಲಿ ಇದು ಸಹಜ. ಆದರೆ ಇಂತಹ ಟೋಪಿಯ ವಯಸ್ಸು ಕೇವಲ ಬೆಲೆಯ ಪ್ರಶ್ನೆಯಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ, ಐತಿಹಾಸಿಕ ಮಹತ್ವವುಳ್ಳ ವಸ್ತುವು ನೂರು ವರ್ಷ ಪೂರೈಸಿದರೆ ಪುರಾತನ ವಸ್ತುವೆನಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕಳುಹಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಕಾರಾಗೃಹವಾಸ ಮತ್ತು ದಂಡ. ಆದುದರಿಂದ ವಯಸ್ಸನ್ನು ಮಾರುವವರ ಮಾತಿನಿಂದಲ್ಲದೆ ವಸ್ತುವಿನಿಂದಲೇ ತಿಳಿಯುವುದು ಅಗತ್ಯ.

ನಮ್ಮಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ಕಥೆ ಹೈಫಾದ್ದು. 1892ರಲ್ಲಿ ರಚಿತವಾದ ಮೈಸೂರು ಇಂಪೀರಿಯಲ್ ಸರ್ವೀಸ್ ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದುದು ನಿಜ. ಆದರೆ ಆ ದಳದ ಸವಾರರು ಧರಿಸಿದ್ದು ಮುಂಡಾಸು. ಮುಂಚಾಚುಳ್ಳ ಟೋಪಿಯೊಂದನ್ನು ತೋರಿಸಿ ‘ನಮ್ಮ ಅಜ್ಜ ಹೈಫಾದಲ್ಲಿ ಧರಿಸಿದ್ದು’ ಎಂದರೆ ಅನುಮಾನಿಸಲು ಅದೊಂದೇ ಕಾರಣ ಸಾಕು. ಅಜ್ಜ ಸುಳ್ಳು ಹೇಳಿದ್ದಾರೆಂದಲ್ಲ. ಯುದ್ಧಾನಂತರ ಬೇರೆ ಸೇವೆಯಲ್ಲಿ ಧರಿಸಿದ ಟೋಪಿಗೆ ಮನೆಯವರು ಹಿರಿಯರ ಕೀರ್ತಿಯನ್ನು ಜೋಡಿಸಿರಬಹುದು.

ಮೊದಲು ನೋಡಬೇಕಾದುದು ಬಿಲ್ಲೆ. ಬ್ರಿಟಿಷ್ ಭಾರತದ ಸೇನೆಯ ಬಿಲ್ಲೆಗಳಲ್ಲಿ ಕಿರೀಟದ ಆಕಾರವೇ ಪಂಚಾಂಗ. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟದ ಕಮಾನುಗಳು ನಡುವೆ ತಗ್ಗಿರುತ್ತವೆ. 1901ರಿಂದ 1952ರವರೆಗಿನ ರಾಜರ ಕಾಲದಲ್ಲಿ ಅವು ಗುಮ್ಮಟದಂತೆ ದುಂಡಾಗಿವೆ. 1953ರ ನಂತರ ಬ್ರಿಟನ್ನಿನಲ್ಲಿ ತಗ್ಗಿದ ಕಮಾನು ಮರಳಿ ಬಂದಿತು. ಆ ವೇಳೆಗೆ ಭಾರತ ಗಣರಾಜ್ಯವಾಗಿತ್ತು. ಹೀಗಾಗಿ ಎಲಿಜಬೆತ್ ರಾಣಿಯ ಕಾಲದ ಬ್ರಿಟಿಷ್ ಬಿಲ್ಲೆಯನ್ನು ವಿಕ್ಟೋರಿಯಾ ಕಾಲದ್ದೆಂದು ಮಾರುವುದು ಸುಲಭ, ಕೊಳ್ಳುವವನು ಮೋಸಹೋಗುವುದೂ ಸುಲಭ.

ಮೈಸೂರು ಸಂಸ್ಥಾನದ ಸೇನೆಗೆ ಈ ಪರೀಕ್ಷೆ ಹೊಂದುವುದಿಲ್ಲ, ಏಕೆಂದರೆ ಇಲ್ಲಿನ ಲಾಂಛನ ಗಂಡಭೇರುಂಡ. ಗಂಡಭೇರುಂಡ ಕಂಡಕೂಡಲೇ ಅರಮನೆಯ ಕಾಲವೆಂದು ತೀರ್ಮಾನಿಸುವುದು ಸರಿಯಲ್ಲ. ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಅದೇ ಇದೆ. ಅದರ ಮೇಲೆ ಅಶೋಕನ ಸಿಂಹಗಳಿದ್ದರೆ ವಸ್ತು 1950ಕ್ಕಿಂತ ಈಚಿನದು. ‘ಮೈಸೂರು ಸ್ಟೇಟ್’ ಎಂಬ ಬರಹವೂ ನಿರ್ಣಾಯಕವಲ್ಲ. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿತ್ತು. ‘ಇಂಪೀರಿಯಲ್ ಸರ್ವೀಸ್’ ಎಂಬ ಮಾತಿದ್ದರೆ ಮಾತ್ರ ನಾವು 1920ರ ದಶಕದ ಆರಂಭಕ್ಕೆ ಹಿಂದೆ ಹೋಗಬಹುದು. ಆ ಬಳಿಕ ಸಂಸ್ಥಾನಗಳ ದಳಗಳು ‘ಇಂಡಿಯನ್ ಸ್ಟೇಟ್ ಫೋರ್ಸಸ್’ ಎನಿಸಿದವು. ಮೈಸೂರಿನ ಅಶ್ವದಳ ಕೊನೆಗೆ 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಯಲ್ಲಿ ಸೇರಿತು.

ಬಿಲ್ಲೆಯನ್ನು ಬದಲಾಯಿಸುವುದು ಎರಡು ನಿಮಿಷದ ಕೆಲಸ. ಆದುದರಿಂದ ಟೋಪಿಯ ಒಳಭಾಗವನ್ನೂ ತೆರೆದು ನೋಡಬೇಕು. ಅಸ್ತರಿನ ಮೇಲೆ ಹೊಲಿದವರ ಚೀಟಿ ಇದ್ದರೆ ವಿಳಾಸವನ್ನು ಓದಿರಿ: ಆರು ಅಂಕಿಯ ಪಿನ್ ಕೋಡ್ ಇದ್ದಲ್ಲಿ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲಾರದು. ನೈಲಾನ್ ಅಥವಾ ಪಾಲಿಯೆಸ್ಟರ್ ದಾರವಿದ್ದರೆ ಮೊದಲನೆಯ ಮಹಾಯುದ್ಧದ ಮಾತೇ ಬೇಡ. ಅಂಗುಲದ ಅಳತೆಯಿಂದ ಏನೂ ಸಿದ್ಧವಾಗುವುದಿಲ್ಲ. ಮೆಟ್ರಿಕ್ ಪದ್ಧತಿ ಬಂದ ಮೇಲೂ ದರ್ಜಿಗಳು ಅದನ್ನು ಬಿಡಲಿಲ್ಲ. ಅಚ್ಚೊತ್ತಿದ ಮೂಲ ಬಿಲ್ಲೆಯಲ್ಲಿ ಗೆರೆಗಳು ಚೂಪಾಗಿದ್ದು, ಹಿಂಬದಿಯಲ್ಲಿ ಚಿತ್ರದ ತಗ್ಗು ಕಾಣುತ್ತದೆ. ಎರಕದ ನಕಲು ದಪ್ಪ, ಗೆರೆ ಮಸುಕು, ಮೈಮೇಲೆ ಸಣ್ಣ ರಂಧ್ರಗಳು. ಒಂದು ಭೂತಗನ್ನಡಿ ಇದ್ದರೆ ಸಾಕು. ಸಾಮಾನ್ಯ ನಿಯಮವೆಂದರೆ, ಮೂಲದ್ದೆಂದು ಖಚಿತವಾದ ಭಾಗಗಳ ಪೈಕಿ ಅತಿ ಹೊಸದಾದುದೇ ಟೋಪಿಯ ಕಾಲ. ಅಸ್ತರು ಅಥವಾ ಗಲ್ಲಪಟ್ಟಿ ಮಧ್ಯದಲ್ಲಿ ಬದಲಾಗಿರಬಹುದಾದ್ದರಿಂದ ಹಳೆಯ ಹೊಲಿಗೆಯ ತೂತುಗಳನ್ನು ಗಮನಿಸಬೇಕು.

ಇನ್ನು ಲೆಕ್ಕಪತ್ರದ ವಿಷಯ. ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ ಸರಕು ಮತ್ತು ಸೇವಾ ತೆರಿಗೆಯಲ್ಲಿ 9706 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. 2025ರ ಸೆಪ್ಟೆಂಬರ್ 22ರಿಂದ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಈ ಸಂಖ್ಯೆಯನ್ನು ಬರೆದ ವರ್ತಕನು, ವಸ್ತು ನೂರು ವರ್ಷ ಮೀರಿದೆಯೆಂದು ತಾನೇ ಘೋಷಿಸಿದಂತಾಗುತ್ತದೆ. ಪರವಾನಗಿಯಿಲ್ಲದೆ ಹೀಗೆ ಬರೆದರೆ ಆ ಬಿಲ್ಲೇ ಅವನ ವಿರುದ್ಧ ಸಾಕ್ಷಿ. ಗಿರಾಕಿಯನ್ನು ಮೆಚ್ಚಿಸಲು ‘1915’ ಎಂದು ಬರೆದು, ಅದೇ ಟೋಪಿಯನ್ನು ಅಂಚೆಯಲ್ಲಿ ಲಂಡನ್ನಿಗೆ ಕಳುಹಿಸುವುದು ಅದಕ್ಕಿಂತ ದೊಡ್ಡ ಅವಿವೇಕ. ಸಂದೇಹವಿದ್ದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ, ಇದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆದೇ ಕಳುಹಿಸತಕ್ಕದ್ದು.

ನೂರು ವರ್ಷದ ಗಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. 1930ರ ಟೋಪಿ 2030ರಲ್ಲಿ ಅಂಗಡಿಯ ಕಪಾಟಿನಲ್ಲಿ ಇದ್ದಂತೆಯೇ ಪುರಾತನ ವಸ್ತುವಾಗಬಹುದು. ಆದಕಾರಣ ದಾಸ್ತಾನು ಪುಸ್ತಕದಲ್ಲಿ ಅಂದಾಜು ವರ್ಷ ಹಾಗೂ ಆ ಅಂದಾಜಿಗೆ ಆಧಾರವೇನು ಎಂಬ ಎರಡು ಕಲಮುಗಳನ್ನು ಸೇರಿಸಿಕೊಳ್ಳಿರಿ. ಮನೆಯವರಿಂದ ಖರೀದಿಸುವಾಗ ಹೆಸರು, ವಿಳಾಸ, ಮೊಬಲಗು, ಸಹಿ ಇರುವ ಖರೀದಿ ವೋಚರು ಮತ್ತು ಟೋಪಿಯ ಒಳಹೊರಗಿನ ಛಾಯಾಚಿತ್ರಗಳು ಅದೇ ದಿನ ಕಡತ ಸೇರಲಿ.