ಹಿಮಗಾಲದ ಬಾರ್ಬೆಕ್ಯೂ: ಶಾಲಾ ಸಂಘಗಳು ಪಾಲಿಸಬೇಕಾದ ಕ್ರಮ

ಕಟ್ಟಿಗೆಯ ಹೊಗೆ ಮತ್ತು ಮಂದ ಶಾಖದಲ್ಲಿ ಮಾಂಸವನ್ನು ಗಂಟೆಗಟ್ಟಲೆ ಬೇಯಿಸುವ ಬಾರ್ಬೆಕ್ಯೂ ಕಲೆಯನ್ನು ಅಮೆರಿಕದ ಕೆಲವು ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿ ಸಂಘಗಳೇ ಕಲಿಸುತ್ತವೆ. ಟೆಕ್ಸಾಸ್‌ನಲ್ಲಿ ಪ್ರೌಢಶಾಲಾ ತಂಡಗಳಿಗೆಂದೇ ರಾಜ್ಯಮಟ್ಟದ ಸ್ಪರ್ಧೆಗಳೂ ನಡೆಯುತ್ತವೆ. ಒಲೆಯ ಮೇಲೆ ಮಾಂಸವನ್ನು ತೂಗುಹಾಕಿ ದಿನಗಟ್ಟಲೆ ಒಣಗಿಸುವ ಕೊಡಗಿನ ಪದ್ಧತಿಗೂ ಇದಕ್ಕೂ ವ್ಯತ್ಯಾಸವಿದ್ದು, ಇಲ್ಲಿ ಮಾಂಸ ಹೊಗೆಯಲ್ಲೇ ಪೂರ್ತಿ ಬೇಯುತ್ತದೆ. ಮಿನ್ನೆಸೋಟದಂತಹ ಉತ್ತರದ ರಾಜ್ಯಗಳ ಚಳಿಗಾಲದಲ್ಲಿಯೂ ಈ ಚಟುವಟಿಕೆಯನ್ನು ನಡೆಸಬಹುದಾದರೂ ಬೇಸಿಗೆಯ ಕ್ರಮ ಆಗ ಸಾಲುವುದಿಲ್ಲ.

ಮೊದಲು ಆಗಬೇಕಾದದ್ದು ಶಾಲೆಯ ಲಿಖಿತ ಅನುಮತಿ ಮತ್ತು ಬೆಂಕಿಯ ಬಳಿ ಕೊನೆಯವರೆಗೂ ಇರುವ ಒಬ್ಬ ಅಧ್ಯಾಪಕರ ನೇಮಕ. ನಂತರ ಮಾಂಸದ ಆಯ್ಕೆ. ಮೂರು-ನಾಲ್ಕು ಕಿಲೋ ತೂಕದ ಹಂದಿಯ ಭುಜದ ಭಾಗ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಹತ್ತು ಗಂಟೆಗೂ ಮೀರಿ ಹಿಡಿಯುವುದರಿಂದ ಅದನ್ನು ಶನಿವಾರಕ್ಕೆ ಬಿಟ್ಟು, ಶಾಲೆಯ ದಿನಗಳಲ್ಲಿ ಎರಡು-ಮೂರು ಗಂಟೆಯಲ್ಲಿ ಬೇಯುವ ಅರ್ಧ ಸೀಳಿದ ಕೋಳಿಯನ್ನು ಆರಿಸುವುದು ಜಾಣತನ. ಹಂದಿ, ದನದ ಮಾಂಸ ತಿನ್ನದ ಮನೆಗಳ ಮಕ್ಕಳು ಸಂಘದಲ್ಲಿದ್ದರೆ ಅವರಿಗೂ ಇದು ಅನುಕೂಲ.

ಸ್ಮೋಕರ್ ಎಂದರೆ ಮುಚ್ಚಳ ಮತ್ತು ಗಾಳಿಕಿಂಡಿಗಳಿರುವ ಲೋಹದ ಒಲೆ. ಅದರ ತೆಳು ತಗಡಿನಿಂದ ಶಾಖವನ್ನು ಕಸಿಯುವುದರಲ್ಲಿ ಚಳಿಗಿಂತ ಗಾಳಿಯೇ ದೊಡ್ಡ ಶತ್ರುವಾದ್ದರಿಂದ, ಗಾಳಿಗೆ ಮರೆಯಾದ, ಆದರೆ ಕಟ್ಟಡದಿಂದ ಕನಿಷ್ಠ ಮೂರು ಮೀಟರ್ ದೂರದ ಬಯಲಿನಲ್ಲಿ, ಹಿಮ ತೆಗೆದು ಗಟ್ಟಿಮಾಡಿದ ನೆಲದ ಮೇಲೆ ಅದನ್ನು ನಿಲ್ಲಿಸಬೇಕು. ಬೇಸಿಗೆಯ ಒಂದೂವರೆ ಪಟ್ಟು ಇದ್ದಿಲು ಕೈಗೆ ಸಿಗುವಂತಿರಬೇಕು. ಹಿಕರಿ, ಓಕ್ ಅಥವಾ ಸೇಬಿನ ಮರದ ಒಣ ತುಂಡುಗಳು ಯೋಗ್ಯ. ಪೈನ್‌ನಂತಹ ಅಂಟುಮರಗಳು ವರ್ಜ್ಯ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಒಂದೇ ವಿಷಯದಲ್ಲಿ. ಚಳಿ ತಡೆಯಲಾರದೆ ಸ್ಮೋಕರನ್ನು ಗ್ಯಾರೇಜಿಗೋ ಶಾಲೆಯ ಉಗ್ರಾಣಕ್ಕೋ ಎಳೆದು, ಬಾಗಿಲನ್ನು ಅರ್ಧ ತೆರೆದಿಟ್ಟರೆ ಸಾಕೆಂದು ನಂಬುವವರಿದ್ದಾರೆ, ಸಾಲದು. ಇದ್ದಿಲು ಉರಿಯುವಾಗ ಹೊರಡುವ ಕಾರ್ಬನ್ ಮಾನಾಕ್ಸೈಡ್ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಅನಿಲವಾಗಿದ್ದು, ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯಂತಹ ಮೊದಲ ಲಕ್ಷಣಗಳು ಚಳಿಗಾಲದ ಜ್ವರವನ್ನೇ ಹೋಲುವುದರಿಂದ ಯಾರೂ ಅನುಮಾನಿಸುವುದಿಲ್ಲ. ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂಬ ಎಣಿಕೆಯೂ ತಪ್ಪು, ಏಕೆಂದರೆ ಹೊಗೆಯಾಡುವುದು ನಿಂತ ಕೆಂಡವೂ ಈ ಅನಿಲವನ್ನು ಉಗುಳುತ್ತಲೇ ಇರುತ್ತದೆ. ನಮ್ಮ ನಾಡಿನಲ್ಲೂ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದು ಮಾರಕವಾಗುವುದು ಇದೇ ಕಾರಣಕ್ಕೆ. ಸ್ಮೋಕರ್ ಬಯಲಿನಲ್ಲೇ ಇರಬೇಕು, ಮಕ್ಕಳು ಸರದಿಯ ಮೇಲೆ ಒಳಗೆ ಹೋಗಿ ಬೆಚ್ಚಗಾಗಿ ಬರಬೇಕು. ಇದನ್ನು ಒಪ್ಪದ ಸಂಘ ಚಳಿಗಾಲದಲ್ಲಿ ಬೆಂಕಿ ಹಚ್ಚದಿರುವುದೇ ಮೇಲು.

ಬೆಂಕಿ ಹದಕ್ಕೆ ಬಂದು ದಟ್ಟ ಬಿಳಿ ಹೊಗೆ ತೆಳುವಾದ ಮೇಲೆ ಮಾಂಸವನ್ನಿಟ್ಟು, ಒಳಗಿನ ಶಾಖ 107ರಿಂದ 135 ಡಿಗ್ರಿಯೊಳಗೆ ನಿಲ್ಲುವಂತೆ ಗಾಳಿಕಿಂಡಿಗಳಿಂದ ನಿಯಂತ್ರಿಸಬೇಕು. ಮುಚ್ಚಳ ತೆರೆದಾಗಲೆಲ್ಲ ಕೂಡಿಟ್ಟ ಶಾಖ ಸೋರಿಹೋಗುವುದರಿಂದ, ಮಾಂಸಕ್ಕೆ ಚುಚ್ಚಿ ತಂತಿಯ ಮೂಲಕ ಹೊರಗಿನಿಂದಲೇ ಓದಬಹುದಾದ ಥರ್ಮಾಮೀಟರ್ ಅನಿವಾರ್ಯ. ಹಂದಿಯ ಭುಜದಂತಹ ದೊಡ್ಡ ತುಂಡಿನ ಒಳಶಾಖ 65–75 ಡಿಗ್ರಿಯ ನಡುವೆ ಗಂಟೆಗಟ್ಟಲೆ ಏರದೆ ನಿಲ್ಲುವುದುಂಟು. ಮೇಲ್ಮೈಯ ತೇವ ಆವಿಯಾಗುತ್ತ ಮಾಂಸವನ್ನು ತಂಪಾಗಿಸುವುದೇ ಅದಕ್ಕೆ ಕಾರಣವಾದ್ದರಿಂದ, ಬೆಂಕಿ ಆರಿತೆಂದು ಇದ್ದಿಲು ಸುರಿಯದೆ ತುಂಡನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದರೆ ಸಾಕು. ಈ ಭಾಗ ಎಳೆಎಳೆಯಾಗಿ ಬಿಡಿಸುವಷ್ಟು ಮೆತ್ತಗಾಗುವುದು 90–95 ಡಿಗ್ರಿಯಲ್ಲಿ. ಕೋಳಿಯ ದಪ್ಪ ಭಾಗ 74 ಡಿಗ್ರಿ ಮುಟ್ಟದೆ ಬಡಿಸಕೂಡದು.

ಉಳಿದ ಮಾಂಸ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಮಾತ್ರ ಹಾಕಬೇಕು. ಹೊರಗೆ ಹಿಮ ಬೀಳುತ್ತಿದ್ದರೂ ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವಂತವಾಗಿರಬಲ್ಲದು.